ಮನೆಯ ಮುಂದಿನ ಕ್ಷೇತ್ರಗಳು: ಕೋಲಾರ ಸೀಮೆಯಲ್ಲಿ ನಾಲ್ಕು ಭಾನುವಾರ

ಬೇಸಿಗೆಯ ರಜೆ ಬಂದಿತೆಂದರೆ ಬಂಧುಬಳಗದ ಮನೆಗಳಲ್ಲಿ ಪ್ರವಾಸದ ಮಾತು ಏಳುವುದು ಸಹಜ. ಉಳವಿಗೆ ಹೋಗೋಣವೇ, ಕೂಡಲಸಂಗಮಕ್ಕೆ ಹೋಗೋಣವೇ, ಶ್ರೀಶೈಲಕ್ಕೆ ಹೋಗೋಣವೇ ಎಂದು ತಿಂಗಳು ಮೊದಲೇ ಲೆಕ್ಕಾಚಾರ ನಡೆಯುತ್ತದೆ. ದೂರದ ಕ್ಷೇತ್ರಗಳ ಮೇಲೆ ಭಕ್ತಿ ಇರುವುದು ತಪ್ಪಲ್ಲ. ಆದರೆ ಮನೆಯ ಮುಂದಿನ ನೆಲವನ್ನು ನಾವೆಷ್ಟು ಬಲ್ಲೆವು ಎಂಬ ಪ್ರಶ್ನೆ ಈ ಸಲದ ಬೇಸಿಗೆಯಲ್ಲಿ ನಮ್ಮ ಮನೆಯೊಳಗೇ ಎದ್ದು ನಿಂತಿತು.

ದಾವಣಗೆರೆಯ ಕಡೆಯಿಂದ ನಮ್ಮ ಸೋದರತ್ತೆಯವರು ಕೋಲಾರದ ನಮ್ಮ ಮನೆಗೆ ಒಂದು ತಿಂಗಳ ಮಟ್ಟಿಗೆ ಬಂದಿದ್ದರು. ಎಪ್ಪತ್ತೈದು ದಾಟಿದ ವಯಸ್ಸು. ನಿತ್ಯ ಇಷ್ಟಲಿಂಗ ಪೂಜೆ ಮುಗಿಯದೆ ತುತ್ತು ಮುಟ್ಟದವರು. ಒಂದು ಸಂಜೆ ಅವರು ನಮ್ಮ ಮಗನನ್ನು ಕರೆದು, ‘ಏನಪ್ಪಾ ತಮ್ಮಾ, ನಿಮ್ಮೂರಾಗೆ ನೋಡೋದೇನೈತಿ?’ ಎಂದು ಕೇಳಿದರು. ಏಳನೆಯ ತರಗತಿಯ ಹುಡುಗ ಕ್ಷಣ ಯೋಚಿಸಿ, ‘ಏನೂ ಇಲ್ಲ ಅಜ್ಜಿ, ಚಿನ್ನದ ಗಣಿ ಇತ್ತು, ಅದೂ ಮುಚ್ಚಿಹೋಯಿತು’ ಎಂದುಬಿಟ್ಟ. ಗಣಿ 2001ರಲ್ಲಿ ಮುಚ್ಚಿದ್ದು ನಿಜ. ಉಳಿದುದೇನೂ ಇಲ್ಲವೆಂದು ಅವನಿಗೆ ಕಲಿಸಿದವರು ಯಾರು? ಇಪ್ಪತ್ತು ವರ್ಷಗಳಿಂದ ಇಲ್ಲಿ ಬಾಳುತ್ತಿರುವ ನಾವೇ ಅಲ್ಲವೇ? ಬಂದ ನೆಂಟರನ್ನೆಲ್ಲ ತಿರುಪತಿಗೆ, ಇಲ್ಲವೇ ಬೆಂಗಳೂರಿಗೆ ಕರೆದೊಯ್ದು ಕೈತೊಳೆದುಕೊಂಡವರು ನಾವೇ. ಅಂದೇ ಒಂದು ನಿಶ್ಚಯವಾಯಿತು. ಅತ್ತೆಯವರು ಇರುವ ನಾಲ್ಕು ಭಾನುವಾರಗಳಲ್ಲಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂಬ ನಾಲ್ಕು ತಾಲ್ಲೂಕುಗಳನ್ನು ನೋಡುವುದು. ಮಗನು ಒಂದು ನೋಟ್‌ಬುಕ್ಕಿನಲ್ಲಿ ಕಂಡುದನ್ನೆಲ್ಲ ಬರೆಯುವುದು.

ಮೊದಲ ಭಾನುವಾರ: ಕೋಲಾರ

ಊರಿನ ಪಶ್ಚಿಮಕ್ಕೆ ನಿಂತಿರುವ ಶತಶೃಂಗ ಪರ್ವತವನ್ನು ನಾವು ದಿನವೂ ಕಾಣುತ್ತೇವೆ, ಹತ್ತುವುದು ಅಪರೂಪ. ಬಿಸಿಲೇರುವ ಮೊದಲೇ ಅಂತರಗಂಗೆಯ ಮೆಟ್ಟಿಲುಗಳನ್ನು ಹತ್ತತೊಡಗಿದೆವು. ಅತ್ತೆಯವರು ಮೊಮ್ಮಗನ ಭುಜವನ್ನು ಊರುಗೋಲು ಮಾಡಿಕೊಂಡು, ನಿಂತು ನಿಂತು, ಮೇಲೇರಿದರು. ಕಾಶಿ ವಿಶ್ವೇಶ್ವರನ ಸನ್ನಿಧಿಯ ಬಳಿ ಕಲ್ಲಿನ ಬಸವನ ಬಾಯಿಂದ ಕೊಳಕ್ಕೆ ನೀರು ಬೀಳುತ್ತದೆ. ನದಿಯೊಂದೂ ತುಂಬಿ ಹರಿಯದ ಜಿಲ್ಲೆಯಲ್ಲಿ, ಒಣ ಬಂಡೆಗಳ ನಡುವೆ ಹೀಗೆ ಸುರಿಯುವ ನೀರನ್ನು ಜನ ಗಂಗೆಯೆಂದು ಕರೆದುದರಲ್ಲಿ ಆಶ್ಚರ್ಯವಿಲ್ಲ. ಜಮದಗ್ನಿ, ರೇಣುಕೆ, ಪರಶುರಾಮರ ಕಥೆಯನ್ನು ಈ ಬೆಟ್ಟದೊಡನೆ ಸೇರಿಸಿ ಹೇಳುವುದು ಇಲ್ಲಿಯ ವಾಡಿಕೆ. ಇನ್ನೂ ಮೇಲೇರಿದರೆ ಬಂಡೆಗಳ ಸಂದಿಯಲ್ಲಿ ಗವಿಗಳಿವೆ. ಬೆಟ್ಟದ ನೆತ್ತಿಯಲ್ಲಿ ತೇರಹಳ್ಳಿಯಂಥ ಊರುಗಳೂ ಹೊಲಗಳೂ ಇವೆ.

ಮಂಗಗಳ ಹಾವಳಿ ಇರುವುದರಿಂದ ಕೈಯಲ್ಲಿ ತಿಂಡಿಯ ಚೀಲ ಹಿಡಿಯದಿರುವುದು ಒಳಿತು. ಮತ್ತೊಂದು ಮಾತನ್ನೂ ನೋವಿನಿಂದ ಹೇಳಬೇಕಾಗಿದೆ. ಮೆಟ್ಟಿಲುಗಳ ಎರಡೂ ಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿ, ಹರಿದ ಪೊಟ್ಟಣಗಳು ಬಿದ್ದಿದ್ದವು. ಗಂಗೆಯೆಂದು ಕೈಮುಗಿದು, ಅದೇ ಕೈಯಿಂದ ಬಾಟಲಿಯನ್ನು ಪೊದೆಗೆ ಎಸೆಯುವ ಭಕ್ತಿಯನ್ನು ಏನೆಂದು ಕರೆಯೋಣ? ಇಳಿಯುವಾಗ ಮಕ್ಕಳು ಒಂದು ಚೀಲದ ತುಂಬ ಆರಿಸಿ ತಂದರು.

ಮಧ್ಯಾಹ್ನಕ್ಕೆ ಮೊದಲೇ ಕೋಲಾರಮ್ಮನ ಗುಡಿಗೆ ಬಂದೆವು. ಗಂಗರ ಕಾಲದಲ್ಲಿ ಈ ಊರು ಕುವಲಾಲ. ತಲಕಾಡು ರಾಜಧಾನಿಯಾಗುವ ಮೊದಲು ಗಂಗರು ಆಳಿದ್ದು ಇಲ್ಲಿಂದ. ರಾಜಧಾನಿ ಬದಲಾದ ಮೇಲೂ ‘ಕುವಲಾಲಪುರವರೇಶ್ವರ’ ಎಂಬ ಬಿರುದನ್ನು ಅವರು ಬಿಡಲಿಲ್ಲ. ಅನಂತರ ಚೋಳರು ಬಂದರು. ಹನ್ನೊಂದನೆಯ ಶತಮಾನದಲ್ಲಿ, ರಾಜೇಂದ್ರ ಚೋಳನ ಕಾಲಕ್ಕೆ, ಇಟ್ಟಿಗೆಯ ಗುಡಿ ಕಲ್ಲಿನ ಗುಡಿಯಾಯಿತೆಂದು ಶಾಸನವಿದೆ. ದೇವಿಯ ಉಗ್ರದೃಷ್ಟಿ ನೇರವಾಗಿ ಬೀಳಬಾರದೆಂದು ಎದುರಿಗಿರುವ ಕನ್ನಡಿಯಲ್ಲಿ ಅವಳ ಬಿಂಬವನ್ನು ನೋಡುವ ಪದ್ಧತಿ ಇಂದಿಗೂ ಇದೆ. ಪಕ್ಕದಲ್ಲಿಯೇ ಚೇಳಮ್ಮನ ಸನ್ನಿಧಿ. ಅಲ್ಲಿ ಹರಕೆ ಹೊತ್ತವರಿಗೆ ಚೇಳಿನ ಭಯವಿಲ್ಲವೆಂಬುದು ಜನರ ನಂಬಿಕೆ. ಬಂಡೆಗಳ ಸೀಮೆಯಲ್ಲಿ ಹೊಲಗೆಲಸ ಮಾಡುವ ಜನಕ್ಕೆ ಇಂಥ ತಾಯಿಯೊಬ್ಬಳು ಬೇಕೇ ಆಗಿತ್ತು.

ಪೇಟೆಯ ನಡುವೆ ಇರುವ ಸೋಮೇಶ್ವರ ದೇವಾಲಯ ವಿಜಯನಗರ ಕಾಲದ್ದು. ಎತ್ತರದ ಗೋಪುರ, ಕಲ್ಯಾಣಮಂಟಪದ ಕಂಬಗಳ ಕೆತ್ತನೆ ಇವನ್ನು ನೋಡಲು ಒಂದು ಗಂಟೆ ಸಾಲದು. ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿಯೂ ಈ ಊರಲ್ಲಿಯೇ ಇದೆ. ಹೈದರ್ ಹುಟ್ಟಿದ ಬೂದಿಕೋಟೆ ಇಲ್ಲಿಗೆ ದೂರವಲ್ಲ. ಕೋಲಾರ ತಾಲ್ಲೂಕಿನ ವಕ್ಕಲೇರಿಯಲ್ಲಿ ದೊರೆತ 757ನೆಯ ಇಸವಿಯ ತಾಮ್ರಶಾಸನದ ಸಂಗತಿಯನ್ನೂ ಮಕ್ಕಳಿಗೆ ಹೇಳಿದೆವು. ಬಾದಾಮಿ ಚಾಲುಕ್ಯರ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಅದನ್ನು ಸುಲಿಯದೆ, ಅಲ್ಲಿಯ ದೇವಾಲಯದ ಸಂಪತ್ತನ್ನು ದೇವಾಲಯಕ್ಕೇ ಹಿಂತಿರುಗಿಸಿದನೆಂಬುದು ಅದರಿಂದ ತಿಳಿಯುತ್ತದೆ. ಗೆದ್ದವನ ಸಂಯಮ ಗೆಲುವಿಗಿಂತ ದೊಡ್ಡದೆಂಬುದನ್ನು ಮಕ್ಕಳಿಗೆ ತಿಳಿಹೇಳಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಎರಡನೆಯ ಭಾನುವಾರ: ಮಾಲೂರು

ಮಲ್ಲಿಗೆಯ ಊರು, ಮಲ್ಲಿಕಾಪುರ, ಅದೇ ಮಾಲೂರಾಯಿತೆಂದು ಹಿರಿಯರು ಹೇಳುತ್ತಾರೆ. ಈಗ ಆ ಹೆಸರು ಕೇಳಿದೊಡನೆ ನೆನಪಾಗುವುದು ಹೆಂಚು ಮತ್ತು ಇಟ್ಟಿಗೆ. ದಾರಿಯಲ್ಲಿ ಕಾಣುವ ಗೂಡುಗಳ ಚಿಮಣಿಗಳೇ ಊರಿನ ಗುರುತು. ತಾರಸಿ ಮನೆಗಳು ಹೆಚ್ಚಿದಂತೆ ಹೆಂಚಿನ ಬೇಡಿಕೆ ಇಳಿಯಿತು. ನೆಲಕ್ಕೆ ಹಾಸುವ ಬಿಲ್ಲೆ, ಗಾಳಿ ಬರುವ ಜಾಲಂಧ್ರ, ಅಲಂಕಾರದ ಮಣ್ಣಿನ ಸಾಮಾನುಗಳತ್ತ ಕೆಲವರು ತಿರುಗಿಕೊಂಡಿದ್ದಾರೆ.

ಆದರೆ ನಾವು ಮಾಲೂರು ತಾಲ್ಲೂಕಿಗೆ ಹೋದದ್ದು ಮುಖ್ಯವಾಗಿ ಎರಡು ಊರುಗಳಿಗಾಗಿ. ಮೊದಲನೆಯದು ಶಿವಾರಪಟ್ಟಣ. ಬೀದಿಗೆ ಕಾಲಿಡುವ ಮುನ್ನವೇ ಉಳಿಯ ಸದ್ದು ಕಿವಿಗೆ ಬೀಳುತ್ತದೆ. ಮನೆಯ ಜಗಲಿಯ ಮೇಲೆ, ಚಪ್ಪರದ ಕೆಳಗೆ, ಮರದ ನೆರಳಲ್ಲಿ ಕಲ್ಲು ಕಡೆಯುವವರು. ಅರ್ಧ ಕಣ್ಣು ತೆರೆದ ಗಣಪತಿ, ಮುಖ ಮೂಡದ ದೇವಿ, ಕೊಂಬು ಮೂಡುತ್ತಿರುವ ಬಸವಣ್ಣ. ಇಲ್ಲಿಂದ ಹೊರಟ ವಿಗ್ರಹಗಳು ನಾಡಿನ ಅನೇಕ ಊರುಗಳ ಗುಡಿಗಳನ್ನು ಸೇರಿವೆ. ತಲೆಮಾರುಗಳಿಂದ ಇದನ್ನೇ ನೆಚ್ಚಿದ ವಿಶ್ವಕರ್ಮ ಮನೆತನಗಳು ಇಲ್ಲಿವೆ. ಅತ್ತೆಯವರು ಒಬ್ಬ ಹಿರಿಯ ಶಿಲ್ಪಿಯ ಎದುರು ಬಹಳ ಹೊತ್ತು ಕುಳಿತಿದ್ದರು. ಆತನು ತಲೆಯೆತ್ತದೆ ಕಲ್ಲನ್ನು ಉಜ್ಜುತ್ತಿದ್ದ. ‘ಕಾಯಕ ಅಂದ್ರೆ ಏನಂತ ಪುಸ್ತಕದಾಗೆ ಹುಡುಕಬ್ಯಾಡ, ಇಲ್ಲಿ ನೋಡು’ ಎಂದು ಮೊಮ್ಮಗನಿಗೆ ಹೇಳಿದರು. ಕಲ್ಲಿನ ದೂಳು ಕೆಲಸಗಾರರ ಎದೆಗೆ ಇಳಿಯುತ್ತದೆಂಬುದನ್ನೂ ನಾವು ಮರೆಯಬಾರದು. ದೇವರನ್ನು ಕೊಳ್ಳುವಾಗ ಚೌಕಾಸಿ ಮಾಡುವವರು ಇದನ್ನು ನೆನೆಯಬೇಕು.

ಎರಡನೆಯದು ಮಾಸ್ತಿ. ನಮ್ಮ ನಾಡಿನ ಕಥೆಗಾರ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರಿನೊಡನೆ ಬೆರೆತ ಊರು. ಅವರು 1891ರಲ್ಲಿ ಇದೇ ತಾಲ್ಲೂಕಿನಲ್ಲಿ ಹುಟ್ಟಿ, 1986ರಲ್ಲಿ ಕಾಲವಾದರು. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಿತು. ವೀರಶೈವ ಅರಸುಮನೆತನವೊಂದರ ಕೊನೆಯ ದಿನಗಳ ಕಥೆಯೆಂದು ನಮ್ಮ ಬಂಧುಗಳಲ್ಲಿ ಅನೇಕರು ಅದನ್ನು ಓದಿರಬಹುದು. ಮನೆಮಾತು ತಮಿಳಾದರೂ ಕನ್ನಡವನ್ನೇ ಉಸಿರಾಗಿಸಿಕೊಂಡವರು ಅವರು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಸಂತೆಯಲ್ಲಿ ಕೇಳಿಬರುವ ಈ ಗಡಿಸೀಮೆಗೆ ಅದು ತಕ್ಕ ಮಾತೇ ಆಗಿದೆ.

ಸಮಯವಿರುವವರು ತೇಕಲ್ಲಿನ ಬಂಡೆಬೆಟ್ಟಗಳನ್ನೂ ವರದರಾಜಸ್ವಾಮಿ ದೇವಾಲಯವನ್ನೂ, ಚಿಕ್ಕತಿರುಪತಿಯ ವೆಂಕಟೇಶ್ವರನನ್ನೂ ನೋಡಬಹುದು. ಬೆಂಗಳೂರಿನಿಂದ ರೈಲಿನಲ್ಲಿ ಬರುವವರಿಗೆ ಮಾಲೂರು, ತೇಕಲ್ ಎರಡೂ ಕಡೆ ನಿಲ್ದಾಣಗಳಿವೆ.

ಮೂರನೆಯ ಭಾನುವಾರ: ಮುಳಬಾಗಿಲು

ಮೂಡಣ ಬಾಗಿಲೇ ಮುಳಬಾಗಿಲು. ಶಾಸನಗಳು ಇದನ್ನು ಮುಳುವಾಯಿ ಎನ್ನುತ್ತವೆ. ವಿಜಯನಗರದ ಮೊದಲ ಬುಕ್ಕರಾಯನ ಮಗ ಕಂಪಣ್ಣ ಇಲ್ಲಿದ್ದುಕೊಂಡೇ ಮಧುರೆಯವರೆಗೆ ದಂಡೆತ್ತಿ ಹೋದನು. ಆ ವಿಜಯವನ್ನು ಸಂಸ್ಕೃತದಲ್ಲಿ ಕಾವ್ಯವಾಗಿ ಬರೆದವಳು ಅವನ ರಾಣಿ ಗಂಗಾದೇವಿ. ‘ಮಧುರಾವಿಜಯ’ದ ಕರ್ತೃ ಹೆಣ್ಣುಮಗಳೆಂಬುದನ್ನು ಕೇಳಿ ನಮ್ಮ ಮಗಳ ಮುಖ ಅರಳಿತು. ಡಿ.ವಿ. ಗುಂಡಪ್ಪನವರು ಹುಟ್ಟಿದ್ದೂ ಈ ಊರಿನಲ್ಲಿಯೇ. ಅರ್ಜುನನು ಪ್ರತಿಷ್ಠಿಸಿದನೆಂದು ನಂಬಲಾದ ಆಂಜನೇಯನ ಗುಡಿ, ವ್ಯಾಸತೀರ್ಥರ ವಿದ್ಯಾಗುರುಗಳಾದ ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥ ಇಲ್ಲಿಯ ಪ್ರಸಿದ್ಧ ಸ್ಥಳಗಳು.

ಕುರುಡುಮಲೆಯ ಗಣಪತಿ ಹದಿಮೂರೂವರೆ ಅಡಿ ಎತ್ತರದ ಏಕಶಿಲಾ ಮೂರ್ತಿ. ಶುಭಕಾರ್ಯಕ್ಕೆ ಮೊದಲು ಇಲ್ಲಿಗೆ ಬರುವವರು ಬಹಳ. ಗಣಪತಿಯನ್ನು ನೋಡಿ ಹಾಗೆಯೇ ಮರಳದೆ, ಸಮೀಪದ ಸೋಮೇಶ್ವರ ದೇವಾಲಯಕ್ಕೂ ಹೋಗಬೇಕು. ಚೋಳರ ಕಾಲದ ಈ ಗುಡಿಯ ಒಂದು ಭಾಗವನ್ನು ಜಕಣಾಚಾರಿಯೂ ಮತ್ತೊಂದನ್ನು ಮಗ ಡಂಕಣನೂ ಕೆತ್ತಿದರೆಂದು ಜನ ಕಥೆ ಹೇಳುತ್ತಾರೆ.

ಆವಣಿಯಲ್ಲಿ ರಾಮಲಿಂಗೇಶ್ವರ, ಲಕ್ಷ್ಮಣಲಿಂಗೇಶ್ವರ, ಭರತಲಿಂಗೇಶ್ವರ, ಶತ್ರುಘ್ನಲಿಂಗೇಶ್ವರ ಎಂದು ಒಂದೇ ಆವರಣದಲ್ಲಿ ಸಾಲು ಗುಡಿಗಳಿವೆ. ನೊಳಂಬರ ಕಾಲದ ಕೆಲಸ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಇಲ್ಲಿ ಹುಟ್ಟಿದರು ಎಂಬ ನಂಬಿಕೆಯಿಂದ ಬೆಟ್ಟದ ಮೇಲೆ ಸೀತಾಮಾತೆಯ ಗುಡಿಯೂ ಇದೆ. ಶಿವರಾತ್ರಿಯ ಕಾಲದಲ್ಲಿ ಇಲ್ಲಿ ನೆರೆಯುವ ದನಗಳ ಜಾತ್ರೆ ಹೆಸರಾದುದು. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಹತ್ತನೆಯ ಶತಮಾನದ ಒಬ್ಬ ಶೈವ ತಪಸ್ವಿಯ ಸಂಗತಿ. ಆತನ ಹೆಸರು ತ್ರಿಭುವನಕರ್ತರ. ನಲವತ್ತು ವರ್ಷ ಆವಣಿಯ ಸ್ಥಾನವನ್ನು ನಡೆಸಿದ ಆತನು ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಗುಡಿಯನ್ನು ಕಟ್ಟಿದವನು ಕೆರೆಯನ್ನು ಮರೆಯಲಿಲ್ಲ. ದೇವರಿಗೆ ನೆರಳು ಮಾಡಿದವನು ಜನಕ್ಕೆ ನೀರನ್ನೂ ಮಾಡಿದನು.

ಅಲ್ಲಿಂದ ವಿರೂಪಾಕ್ಷಿ ಗ್ರಾಮಕ್ಕೆ ಬಂದಾಗ ಬಿಸಿಲು ಇಳಿದಿತ್ತು. ವಿಜಯನಗರದ ಅರಸರ ಆರಾಧ್ಯದೈವ ವಿರೂಪಾಕ್ಷನಿಗೆ ಹಂಪೆಯಿಂದ ಇಷ್ಟು ದೂರದಲ್ಲೊಂದು ದೊಡ್ಡ ದೇವಾಲಯ. ದಿನದ ಮೂರು ಹೊತ್ತು ಇಲ್ಲಿಯ ಲಿಂಗದ ಬಣ್ಣ ಬದಲಾಗಿ ತೋರುತ್ತದೆಂದು ಭಕ್ತರು ನಂಬುತ್ತಾರೆ. ಅತ್ತೆಯವರು ಹೊರಗಿನ ಕಂಬಕ್ಕೆ ಒರಗಿ ಕುಳಿತರು. ಮಗನು, ‘ಅಜ್ಜಿ, ಕೊರಳಲ್ಲಿ ಇಷ್ಟಲಿಂಗ ಇರುವಾಗ ಗುಡಿ ಏಕೆ ಸುತ್ತಬೇಕು ಎಂದು ನೀವೇ ಅಲ್ಲವೇ ಹೇಳಿದ್ದು?’ ಎಂದು ಕೆಣಕಿದ. ನಮ್ಮ ಅನೇಕ ಮನೆಗಳಲ್ಲಿ ಏಳುವ ಪ್ರಶ್ನೆಯೇ ಇದು. ಅತ್ತೆಯವರು ನಕ್ಕು, ‘ಪೂಜೆ ನನ್ನ ಅಂಗೈಯಾಗೈತಿ. ಇಲ್ಲಿಗೆ ಬಂದಿದ್ದು ನಮಗಿಂತ ಮೊದಲು ಯಾರ್ ಯಾರು ಬಾಳಿದ್ರು ಅಂತ ತಿಳಿಯಾಕೆ’ ಎಂದರು.

ಆಗ ನಾವು ಲಕ್ಕಣ್ಣ ದಂಡೇಶನ ಹೆಸರು ಹೇಳಿದೆವು. ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 1424ರಿಂದ 1446ರ ನಡುವಣ ಆಳಿಕೆಯಲ್ಲಿ, ಮುಳುವಾಯಿ ಸೀಮೆಯ ಆಡಳಿತ ಲಕ್ಕಣ್ಣನದಾಗಿತ್ತು. ಈ ಭಾಗದ ಶಾಸನಗಳಲ್ಲಿ ಲಕ್ಕಣ್ಣ, ಮಾದಣ್ಣ ಎಂಬ ಹೆಸರುಗಳು ಜೊತೆಯಾಗಿ ಬರುತ್ತವೆ. ವಿರೂಪಾಕ್ಷನ ಈ ನೆಲೆಗೂ ಅವರ ಸಂಬಂಧವಿದೆ. ದಕ್ಷಿಣ ಸಮುದ್ರಾಧೀಶ್ವರನೆಂಬ ಬಿರುದು ಹೊತ್ತ ದಂಡನಾಯಕನಾತ. ಮಾತು ಮುಗಿಯುವ ಮೊದಲೇ ಅತ್ತೆಯವರು ನೆಟ್ಟಗೆ ಕುಳಿತರು. ‘ಶಿವತತ್ತ್ವ ಚಿಂತಾಮಣಿ ಬರೆದ ಲಕ್ಕಣ್ಣನೇ ಏನು?’ ಎಂದು ಕೇಳಿದರು. ಅವನೇ. ಅವರ ತಂದೆಯವರು ಶ್ರಾವಣಮಾಸದಲ್ಲಿ ಮನೆಯ ಪಡಸಾಲೆಯಲ್ಲಿ ಆ ಗ್ರಂಥವನ್ನು ಓದಿಸಿ ಅರ್ಥ ಹೇಳಿಸುತ್ತಿದ್ದರಂತೆ. ಎಂಟು ವರ್ಷದ ಹುಡುಗಿಯಾಗಿ ಬಾಗಿಲ ಮರೆಯಲ್ಲಿ ಕುಳಿತು ಕೇಳಿದ್ದ ಹೆಸರು, ಅರುವತ್ತೇಳು ವರ್ಷಗಳ ಮೇಲೆ ಒಂದು ಊರಾಗಿ, ಕಲ್ಲಾಗಿ ಎದುರಿಗೆ ಬಂದಿತ್ತು.

ಕತ್ತಿ ಹಿಡಿದ ಕೈಯೇ ಕಂಠ ಹಿಡಿದು ಶಿವಮಹಿಮೆಯನ್ನೂ ಶರಣರ ಚರಿತೆಯನ್ನೂ ವಾರ್ಧಕ ಷಟ್ಪದಿಯಲ್ಲಿ ಬರೆಯಿತು. ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದದ್ದೂ, ನೂರೊಂದು ವಿರಕ್ತರು ವಚನಗಳನ್ನು ಹುಡುಕಿ ಜೋಡಿಸಿ ಉಳಿಸಿದರೆಂದು ಪರಂಪರೆ ಹೇಳುವುದೂ ಅದೇ ಪ್ರೌಢದೇವರಾಯನ ಕಾಲವನ್ನೇ. ಶರಣ ಸಾಹಿತ್ಯಕ್ಕೆ ಮರುಹುಟ್ಟು ಕೊಟ್ಟ ಆ ಕಾಲದ ಒಂದು ಹೆಜ್ಜೆಗುರುತು ನಮ್ಮ ಮನೆಯಿಂದ ಒಂದು ಗಂಟೆಯ ದಾರಿಯಲ್ಲಿದೆ. ಕೋಲಾರ ಸೀಮೆಯಲ್ಲಿ ನಮ್ಮ ಸಮಾಜದ ಮನೆಗಳು ಮಧ್ಯ ಮತ್ತು ಉತ್ತರ ಕರ್ನಾಟಕದಷ್ಟು ದಟ್ಟವಾಗಿಲ್ಲ. ಇಲ್ಲಿ ನಮ್ಮದೇನಿದೆ ಎಂದು ಮಾತನಾಡುವವರುಂಟು. ಅಂಥವರು ಒಮ್ಮೆ ವಿರೂಪಾಕ್ಷಿಗೆ ಬರಬೇಕು. ನಾವಾದರೂ ಇಪ್ಪತ್ತು ವರ್ಷ ತಡವಾಗಿ ಬಂದೆವು.

ಮರಳುವಾಗ ಮಕ್ಕಳ ಒತ್ತಾಯಕ್ಕೆ ಮುಳಬಾಗಿಲು ದೋಸೆಗೆ ನಿಂತೆವು. ಹೊರಗೆ ಗರಿ, ಒಳಗೆ ಹತ್ತಿಯಂತೆ ಮೆದು, ಮೇಲೆ ತುಪ್ಪ. ಇದಕ್ಕೆ ಶಾಸನದ ಆಧಾರ ಬೇಕಿಲ್ಲ.

ನಾಲ್ಕನೆಯ ಭಾನುವಾರ: ಶ್ರೀನಿವಾಸಪುರ

ಮೊದಲು ಪಾಪನಪಲ್ಲಿ ಎನಿಸಿದ್ದ ಊರಿಗೆ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರಿಟ್ಟರು. ಬಂಗಾರಪೇಟೆಯಿಂದ ಕೋಲಾರದ ಮೂಲಕ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುಮಾರ್ಗದಲ್ಲಿ ಈ ಊರಿದೆ. ಕೋಟೆಕೊತ್ತಲ ಕಾಣಲು ಇಲ್ಲಿಗೆ ಬರಬೇಕಿಲ್ಲ. ಮಾವಿನ ತೋಪು ಕಾಣಲು ಬರಬೇಕು. ಮೇ ತಿಂಗಳಿಂದ ಜುಲೈವರೆಗೆ ಮಂಡಿಗಳಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ಬೇನಿಷಾ, ತೋತಾಪುರಿಗಳ ರಾಶಿ. ಗಾಳಿಯೇ ಸಿಹಿಯಾಗಿರುತ್ತದೆ.

ಪರಿಚಿತರ ತೋಪಿನಲ್ಲಿ ಬುತ್ತಿ ಬಿಚ್ಚಿದೆವು. ತೋಪಿನ ಯಜಮಾನರು ಹಣ್ಣು ಕೊಯ್ದು ಕೊಡುತ್ತಲೇ ತಮ್ಮ ಕಷ್ಟವನ್ನೂ ಹೇಳಿದರು. ತೋತಾಪುರಿ ಹೆಚ್ಚಾಗಿ ರಸದ ಕಾರ್ಖಾನೆಗೆ ಹೋಗುವ ಹಣ್ಣು. ಆ ಕಾರ್ಖಾನೆಗಳು ಗಡಿಯಾಚೆ ಚಿತ್ತೂರಿನ ಕಡೆ ಹೆಚ್ಚು. 2025ರ ಜೂನ್ ತಿಂಗಳಲ್ಲಿ ಹೊರರಾಜ್ಯದ ತೋತಾಪುರಿ ಬರಬಾರದೆಂದು ಅಲ್ಲಿಯ ಜಿಲ್ಲಾಡಳಿತ ತಡೆದಾಗ ಇಲ್ಲಿಯ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಬೆಲೆಯ ಕೊರತೆಯನ್ನು ತುಂಬಿಕೊಡಲು ಸರ್ಕಾರಗಳು ಬಳಿಕ ಮುಂದಾದವು. ಆದರೂ ವರ್ಷವಿಡೀ ಕಾದ ಫಲ ಮರದಡಿಯೇ ಉದುರುವುದನ್ನು ನೋಡಿದವರಿಗೆ ಆ ನೋವು ಬೇಗ ಮಾಯುವುದಿಲ್ಲ. ಮಂಡಿಯ ಬೆಲೆ ಕುಸಿದ ದಿನಗಳಲ್ಲಿ ಪಟ್ಟಣದ ನಾಲ್ಕು ಮನೆಯವರು ಸೇರಿ ನೇರವಾಗಿ ತೋಪಿನಿಂದಲೇ ಹಣ್ಣು ತಂದರೆ ಅದೂ ಒಂದು ದಾಸೋಹವೇ.

ನೀರಿನ ಮಾತೂ ಬಂದಿತು. ಅವಿಭಜಿತ ಕೋಲಾರ ಜಿಲ್ಲೆಯೆಂದರೆ ಸಾವಿರಾರು ಕೆರೆಗಳ ಜಿಲ್ಲೆ. ಒಂದು ಕೆರೆಯ ಕೋಡಿ ಮುಂದಿನ ಕೆರೆಗೆ ಹರಿಯುವಂತೆ ಹಿರಿಯರು ಸರಪಳಿ ಹೆಣೆದಿದ್ದರು. ಕಾಲುವೆಗಳು ಮುಚ್ಚಿ, ಹೂಳು ತುಂಬಿ, ಕೊಳವೆಬಾವಿಗಳು ಸಾವಿರ ಅಡಿಗೂ ಆಳಕ್ಕೆ ಇಳಿದವು. ಮೇಲೆ ಬಂದ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಕಾಣಿಸಿಕೊಂಡಿತು. 2018ರಿಂದ ಬೆಂಗಳೂರಿನ ಕೋರಮಂಗಲ ಚಲ್ಲಘಟ್ಟ ಕಣಿವೆಯ ಬಳಸಿದ ನೀರನ್ನು ಎರಡು ಹಂತಗಳಲ್ಲಿ ಶುದ್ಧೀಕರಿಸಿ ಈ ಜಿಲ್ಲೆಯ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಇದು ಕುಡಿಯುವುದಕ್ಕಲ್ಲ, ಅಂತರ್ಜಲ ಏರಿಸುವುದಕ್ಕೆ. ಬತ್ತಿದ ಬಾವಿಗಳಲ್ಲಿ ನೀರು ಕಂಡ ಸಂತೋಷ ಒಂದು ಕಡೆ. ಮೂರನೆಯ ಹಂತದ ಶುದ್ಧೀಕರಣವೂ ಆಗಲೆಂಬ ರೈತರ ಬೇಡಿಕೆ ಇನ್ನೊಂದು ಕಡೆ. ಮಕ್ಕಳು ಆವಣಿಯ ತಪಸ್ವಿಯನ್ನು ನೆನೆದರು. ‘ಐವತ್ತು ಗುಡಿ ಕಟ್ಟಿದವರು ಎರಡು ಕೆರೆ ಕಟ್ಟಿದರು. ಈಗ ನಾವು ಎಷ್ಟು ಕಟ್ಟುತ್ತಿದ್ದೇವೆ?’ ಎಂದು ಮಗಳು ಕೇಳಿದಳು. ಹಿರಿಯರಾದ ನಮ್ಮಲ್ಲಿ ಯಾರೂ ಉತ್ತರಿಸಲಿಲ್ಲ.

ಬಂಧುಗಳಲ್ಲಿ ಅರಿಕೆ

ಕೋಲಾರವನ್ನು ನೆಲೆಯಾಗಿ ಇಟ್ಟುಕೊಂಡರೆ ಈ ನಾಲ್ಕೂ ಸುತ್ತುಗಳನ್ನು ಬೆಳಿಗ್ಗೆ ಹೊರಟು ಸಂಜೆಯೊಳಗೆ ಮುಗಿಸಬಹುದು. ಬೆಂಗಳೂರಿನಿಂದ ಕೋಲಾರ ಎಪ್ಪತ್ತು ಕಿಲೋಮೀಟರಿನೊಳಗಿದೆ, ಬಸ್ಸುಗಳಿಗೆ ಕೊರತೆಯಿಲ್ಲ. ಹಳ್ಳಿಗಳ ಗುಡಿಗಳು ಮಧ್ಯಾಹ್ನ ಮುಚ್ಚುವುದುಂಟು. ಆದ್ದರಿಂದ ಬೆಳಗಿನ ಹೊತ್ತು ಒಳಿತು. ಬುತ್ತಿಯನ್ನೂ ನೀರನ್ನೂ ಮನೆಯಿಂದಲೇ ಒಯ್ಯಿರಿ, ಕಸವನ್ನು ಮನೆಗೇ ಮರಳಿ ತನ್ನಿರಿ. ಇನ್ನೊಂದು ದಿನ ಉಳಿಯುವವರು ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ಹೋಗಬಹುದು. 108 ಅಡಿಯ ಲಿಂಗವೂ 35 ಅಡಿಯ ನಂದಿಯೂ ಮಕ್ಕಳನ್ನು ಬೆರಗುಗೊಳಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಯಾವ ಊರಿನ ಯಾವ ಕಲ್ಲು ಅವರ ಯಾವ ನೆನಪನ್ನು ಎಬ್ಬಿಸೀತೆಂದು ಮೊದಲೇ ಹೇಳಲಾಗದು. ಆ ನೆನಪುಗಳನ್ನು ಕೇಳಿ ಬರೆದಿಟ್ಟುಕೊಳ್ಳಲು ನಮಗಿರುವ ಕಾಲವಂತೂ ದೊಡ್ಡದಲ್ಲ.

ಅತ್ತೆಯವರು ಊರಿಗೆ ಹೊರಟ ದಿನ ಮಗನು ತನ್ನ ನೋಟ್‌ಬುಕ್ಕನ್ನು ತಂದು ತೋರಿಸಿದ. ನಲವತ್ತು ಪುಟ ತುಂಬಿತ್ತು. ಅವರು ಕನ್ನಡಕ ಹಾಕಿಕೊಂಡು, ಲಕ್ಕಣ್ಣನ ಪುಟವನ್ನು ಹುಡುಕಿಸಿ, ಎರಡು ಸಲ ಓದಿಸಿದರು. ತಂದೆಯವರ ಶಿವತತ್ತ್ವ ಚಿಂತಾಮಣಿಯ ಪ್ರತಿ ಊರಿನ ಅಟ್ಟದ ಮೇಲಿರಬಹುದು, ಹುಡುಕಿ ಕಳುಹಿಸುತ್ತೇನೆಂದು ಮಾತು ಕೊಟ್ಟರು. ಬರುವ ಶ್ರಾವಣದಲ್ಲಿ ನಮ್ಮ ಮನೆಯಲ್ಲಿಯೂ ವಾರಕ್ಕೊಂದು ಸಂಜೆ ಆ ಗ್ರಂಥವನ್ನು ಓದಿಸಬೇಕೆಂದು ನಿಶ್ಚಯಿಸಿದ್ದೇವೆ. ಕೋಲಾರ ಸೀಮೆಯ ಬಂಧುಗಳೆಲ್ಲರಿಗೂ ಬಾಗಿಲು ತೆರೆದಿರುತ್ತದೆ.

ಶರಣು ಶರಣಾರ್ಥಿ.